ಲಾಂಚಷ್ಟು ದೊಡ್ಡ ಇಲಿ

ನನ್ನ ಅತ್ತೆಯ ಬಾಯಿಗೆ ಬೀಗ ಹಾಕಲು ನೋಡಿದವರಲ್ಲಿ ಮೊದಲಿಗರು ಅವಳ ಅಪ್ಪ, ಅಂದರೆ ನನ್ನ ತಾತ. ತಾತ ಗಡಿಯಾರ ರಿಪೇರಿ ಮಾಡುತ್ತಿದ್ದರು. ಮನೆ, ಅಂಗಡಿ ಎರಡೂ ಒಂದೇ ಕೋಣೆ. ಕಿಟಕಿಯ ಪಕ್ಕ ಮೇಜು, ಮೇಜಿನ ಮೇಲೆ ಹರಡಿದ ಕಾಗದ, ಅದರ ಮೇಲೆ ಎಳ್ಳಿಗಿಂತ ಸಣ್ಣ ಸ್ಕ್ರೂಗಳು. ಯಾರಾದರೂ ಜೋರಾಗಿ ಮಾತಾಡಿದರೆ ಆ ಉಸಿರಿಗೇ ಸ್ಕ್ರೂ ಹಾರಿಹೋಗುತ್ತದೆ ಎಂದು ತಾತ ನಂಬಿದ್ದರು. ಒಮ್ಮೆ ಸೀನಿದ ತಪ್ಪಿಗೆ ಅತ್ತೆ ಇಡೀ ಮಧ್ಯಾಹ್ನ ನೆಲ ತಡಕಾಡಿದ್ದಳಂತೆ. ಹಾಗಾಗಿ ಆ ಮನೆಯ ಮಕ್ಕಳು ಕೈಸನ್ನೆಯಲ್ಲೇ ಜಗಳವಾಡಿ ಕೈಸನ್ನೆಯಲ್ಲೇ ರಾಜಿಯಾಗುತ್ತಿದ್ದರು. ಅತ್ತೆಗೆ ಮಾತ್ರ ಅಷ್ಟು ಸಾಲುತ್ತಿರಲಿಲ್ಲ. ಅವಳು ಮೇಜಿನ ಕೆಳಗೆ ನುಸುಳಿ, ತಮ್ಮನ, ಅಂದರೆ ನನ್ನ ಅಪ್ಪನ, ಕಿವಿಗೆ ಬಾಯಿಟ್ಟು ಕಥೆ ಹೇಳುತ್ತಿದ್ದಳು. ಗಡಿಯಾರದೊಳಗೆ ಒಬ್ಬ ಮುದುಕ ಇದ್ದಾನೆ, ಅವನಿಗೆ ವಾಸಿಯಾಗದ ಕೆಮ್ಮು, ನಮಗೆ ಕೇಳುವ ಟಿಕ್ ಟಿಕ್ ಅದೇ. ನನ್ನ ಅಪ್ಪ ಮೀಸೆ ಬಂದ ಮೇಲೂ ಅದನ್ನು ಅರ್ಧ ನಂಬಿದ್ದರು.

ಆಮೇಲೆ ಮದುವೆ. ಮಾವ ಲಾಂಚಿನ ಎಂಜಿನ್ ಮೆಕ್ಯಾನಿಕ್. ಮೊದಲ ಸಲ ಭೇಟಿಯಾದಾಗ ಅತ್ತೆ ಸಂಜೆಯವರೆಗೆ ಮಾತಾಡಿದಳು, ಅವರು ಮುಗುಳ್ನಗುತ್ತ "ಹೂಂ, ಹೂಂ" ಎಂದರು. ಕೊನೆಗೂ ತನ್ನ ಮಾತು ಕೇಳುವ ಗಂಡಸೊಬ್ಬ ಸಿಕ್ಕಿದನೆಂದು ಅತ್ತೆ ಹಿರಿಹಿರಿ ಹಿಗ್ಗಿ ಒಪ್ಪಿಬಿಟ್ಟಳು. ಎಂಜಿನ್ನಿನ ಸದ್ದಿಗೆ ಅವರ ಕಿವಿ ಆಗಲೇ ಅರ್ಧ ಹೋಗಿತ್ತು ಎನ್ನುವುದು ಗೊತ್ತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಈಗ ಪೂರ್ತಿ ಹೋಗಿದೆ. ಮಾವನಂಥ ಸಾಧುಮನುಷ್ಯ ಇನ್ನೊಬ್ಬರಿಲ್ಲ, ಇವತ್ತಿಗೂ ಸರಿಯಾದ ಜಾಗದಲ್ಲಿ ಹೂಂಗುಟ್ಟುತ್ತಾರೆ. ಅವಳ ಮುಖ ನೋಡಿ ಅಂದಾಜು ಮಾಡುತ್ತಾರೆ, ಅಷ್ಟೇ.

ಇಂಥವಳ ಕೈಗೆ ಮೈಕ್ ಕೊಟ್ಟರೆ ಏನಾಗಬೇಕೋ ಅದೇ ಆಯಿತು.

ನಮ್ಮ ಲಾಂಚು ಈ ದಡದಿಂದ ಆ ದಡಕ್ಕೆ ಕೊಲ್ಲಿ ದಾಟಿಸುತ್ತದೆ. ಈ ಕಡೆ ಊರು, ಆ ಕಡೆ ಕಾರ್ಖಾನೆಗಳು ಮತ್ತು ದೊಡ್ಡಾಸ್ಪತ್ರೆ. ಮುಂದೆ ಗಾಜಿನ ಕ್ಯಾಬಿನ್‌ನಲ್ಲಿ ಡ್ರೈವರಣ್ಣ, ಕೆಳಗೆ ಎಂಜಿನ್ ರೂಮಿನಲ್ಲಿ ಮಾವ, ನಡುವೆ ಬೆಂಚುಗಳ ಸಾಲು, ಹಿಂದೆ ಬಲಗಡೆ ಮೂಲೆಯಲ್ಲಿ ನನ್ನ ಟೀ ಕೌಂಟರ್. ಅತ್ತೆಯ ಕೆಲಸ ಪ್ರಕಟಣೆ. ಲೈಫ್ ಜಾಕೆಟ್ ಎಲ್ಲಿದೆ, ಲಾಂಚು ನಿಲ್ಲುವ ಮೊದಲೇ ಏಳಬೇಡಿ, ಮಕ್ಕಳ ಕೈ ಹಿಡಿದುಕೊಳ್ಳಿ. ಇಷ್ಟು ಹೇಳಿದರೆ ಸಂಬಳ ಬರುತ್ತದೆ. ಆದರೆ ಇಷ್ಟು ಹೇಳಿದ ಮೇಲೂ ದಡ ದೂರವಿರುತ್ತದಲ್ಲ, ಆ ಜಾಗವನ್ನು ಅತ್ತೆ ತುಂಬಿದಳು. ನೀರಿನ ನಡುವಿನ ಕರಿಬಂಡೆ ಪ್ರತಿವರ್ಷ ಒಂದು ಗೇಣು ಪಕ್ಕಕ್ಕೆ ಸರಿಯುತ್ತದೆ ಎಂದಳು. ದೀಪಸ್ತಂಭದ ಕಾವಲುಗಾರನಿಗೆ ಕತ್ತಲೆಂದರೆ ಹೆದರಿಕೆ, ಅದಕ್ಕೇ ಅವನು ಆ ಕೆಲಸ ಹಿಡಿದದ್ದು ಎಂದಳು. ಜನ ಅವಳಿಗೆ ಮೈಕಮ್ಮ ಎಂದು ಹೆಸರಿಟ್ಟರು. ಅವಳ ರಜೆಯ ದಿನ ಲಾಂಚು ಹತ್ತಿದವರು ಮುಖ ಸಪ್ಪೆ ಮಾಡಿಕೊಳ್ಳುತ್ತಿದ್ದರು.

ಎಡವಟ್ಟಾದದ್ದು ಹಳದಿ ಮನೆಯ ವಿಷಯದಲ್ಲಿ. ಆ ದಡದಲ್ಲಿ ಒಂದು ಒಂಟಿ ಹಳದಿ ಮನೆ ಇದೆ. ಅದರ ಯಜಮಾನ ಮೂರು ಜನ ಅಕ್ಕತಂಗಿಯರಿಗೆ ಒಬ್ಬರಿಗೆ ಗೊತ್ತಾಗದಂತೆ ಇನ್ನೊಬ್ಬರಿಗೆ ಮಾತು ಕೊಟ್ಟು, ಈಗ ಯಾವ ಕಿಟಕಿಯನ್ನೂ ತೆರೆಯಲು ಧೈರ್ಯವಿಲ್ಲದೆ ಒಳಗೇ ಕೂತಿದ್ದಾನೆ ಎಂದು ಅತ್ತೆ ದಿನಾ ಹೇಳುತ್ತಿದ್ದಳು. ಮನೆ ನಿಜವಾಗಿ ಒಬ್ಬ ಹಲ್ಲಿನ ಡಾಕ್ಟರರದು, ಮದುವೆಯಾಗಿರಲಿಲ್ಲ, ಸಂಕೋಚದ ಮನುಷ್ಯ. ಅವರನ್ನು ಮದುವೆಯಾಗಬೇಕಿದ್ದ ಹುಡುಗಿ ಒಂದು ದಿನ ತಾಯಿಯ ಜೊತೆ ಇದೇ ಲಾಂಚಿನಲ್ಲಿ ಬಂದಳು. ಬಂದವಳು ಇಳಿಯಲೇ ಇಲ್ಲ, ಅದೇ ಲಾಂಚಿನಲ್ಲಿ ವಾಪಸ್ಸು ಹೋದಳು.

ಡಾಕ್ಟರರು ಕಚೇರಿಗೆ ಬಂದು ಕೂತು ಅತ್ತುಬಿಟ್ಟರಂತೆ. ಮ್ಯಾನೇಜರ್ ಅತ್ತೆಯನ್ನು ಕರೆಸಿದರು. ಅವರು ಕೆಟ್ಟವರಲ್ಲ, ಆದರೆ ಮೇಜಿನ ಮೇಲಿನ ಪೆನ್ನುಗಳು ಸಹ ಸಾಲಾಗಿ ಇರಬೇಕೆನ್ನುವ ಜಾತಿ. ಪಕ್ಕದಲ್ಲಿದ್ದ ಒಂದು ರಟ್ಟಿನ ಡಬ್ಬದ ಮೇಲೆ ಕೈಯಿಟ್ಟು ಹೇಳಿದರು: "ಮೇಡಂ, ಇದರಲ್ಲಿ ರೆಕಾರ್ಡಿಂಗ್ ಮಿಶನ್ ಇದೆ. ಲೈಫ್ ಜಾಕೆಟ್ ವಿಷಯ ಹೇಳತ್ತೆ, ಸುಮ್ಮನಾಗತ್ತೆ. ಇನ್ನೊಂದೇ ಒಂದು ಬುರುಡೆ ನನ್ನ ಕಿವಿಗೆ ಬಿದ್ರೆ ಮೈಕ್ ಕಿತ್ತು ಇದನ್ನ ಕೂರಿಸ್ತೀನಿ."

ಮೈಕ್ ಹೋದರೆ ಸಂಬಳ ಹೋಗುವುದಿಲ್ಲ, ಟಿಕೆಟ್ ಹರಿಯುವ ಕೆಲಸ ಕೊಡುತ್ತೇವೆ ಎಂದೂ ಹೇಳಿದರು. ಅತ್ತೆಗೆ ಅದು ಸಮಾಧಾನವೇ ಅಲ್ಲ. ಅವತ್ತು ನನ್ನ ಕೌಂಟರಿನ ಹಿಂದೆ ಸ್ಟೂಲಿನ ಮೇಲೆ ಕುಸಿದು ಕೂತು, ಟೀ ಆರಿಹೋದರೂ ಹಾಗೇ ಹಿಡಿದುಕೊಂಡಿದ್ದಳು. "ಮನೇಲಿ ನಾನು ಮಾತಾಡೋದು ಗೋಡೆಗೆ, ಇಲ್ಲಾ ನಿನ್ನ ಮಾವನಿಗೆ. ಎರಡೂ ಒಂದೇ. ಈ ಮೈಕೂ ಹೋದ್ರೆ ನಾನು ಯಾರ ಹತ್ರ ಮಾತಾಡ್ಲೇ?" ಎಂದಳು. ಅವಳ ಕಣ್ಣಲ್ಲಿ ನಾನು ಮೊದಲ ಸಲ ನೀರು ನೋಡಿದ್ದು ಆಗಲೇ. ಆ ರಟ್ಟಿನ ಡಬ್ಬವನ್ನು ನೀರಿಗೆ ಎಸೆದು ಬರಲೇ ಎಂದು ಕೇಳಿದೆ, ಬೇಡ, ಅದು ತೇಲುತ್ತದೆ ಎಂದಳು.

ಮರುದಿನದಿಂದ ಅತ್ತೆ ನೀತಿವಂತೆಯಾದಳು. ಲೈಫ್ ಜಾಕೆಟ್ ಬೆಂಚಿನ ಕೆಳಗಿದೆ. ಮಕ್ಕಳ ಕೈ ಹಿಡಿದುಕೊಳ್ಳಿ. ವಂದನೆಗಳು. ಕರಿಬಂಡೆ ಬಂತು, ಹೋಯಿತು, ಅತ್ತೆ ತುಟಿ ಬಿಗಿಹಿಡಿದು ಅದನ್ನು ಬೀಳ್ಕೊಟ್ಟಳು. ಜನಕ್ಕೆ ಗಾಬರಿ. ಮೈಕಮ್ಮನಿಗೆ ಹುಷಾರಿಲ್ಲವೇ, ಗಂಟಲಿಗೆ ಏನಾದರೂ ಆಗಿದೆಯೇ, ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ನನ್ನ ಕೌಂಟರಿಗೆ ಬಂದು ಪಿಸುಗುಟ್ಟಿದರು. ಒಬ್ಬ ನರ್ಸಮ್ಮ ಗಂಟಲಿಗೆಂದು ಮಾತ್ರೆಯನ್ನೂ ಕೊಟ್ಟುಹೋದರು.

ಹೀಗಿರುವಾಗ ತಿಮಿಂಗಿಲ ಬಂತು.

ತಿಮಿಂಗಿಲ ನಮಗೆ ಹೊಸದಲ್ಲ. ಚಳಿ ಇಳಿಯುವ ಕಾಲಕ್ಕೆ ದೂರದಲ್ಲಿ ಕಪ್ಪು ಬೆನ್ನುಗಳು ಕಾಣುತ್ತವೆ, ಉಸ್ಸೆಂದು ನೀರು ಚಿಮ್ಮಿಸಿ ತಮ್ಮ ಪಾಡಿಗೆ ಹೋಗುತ್ತವೆ. ದಿನಾ ಓಡಾಡುವವರು ತಲೆ ಎತ್ತಿಯೂ ನೋಡುವುದಿಲ್ಲ. ಅವತ್ತು ಬೆಳಿಗ್ಗೆ ಗಾಳಿ ಬೇರೆ ಕೊರೆಯುತ್ತಿತ್ತು. ಎಲ್ಲರೂ ಒಳಗೆ ಮುದುಡಿ ಕೂತು, ಕಾಲರಿನೊಳಗೆ ಗಲ್ಲ ಹುದುಗಿಸಿ, ಮೊಬೈಲಿನಲ್ಲಿ ಮುಳುಗಿದ್ದರು. ಅತ್ತೆ ಎಡಗಡೆ ಬಾಗಿಲಲ್ಲಿ ಮೈಕ್ ಹಿಡಿದು ನಿಂತಿದ್ದಳು. ಅವಳ ಎದುರಿಗೇ ನೀರು ಒಂದು ಕಡೆ ಹಸಿರಾಯಿತಂತೆ. ಪಾಚಿಯ ಹಸಿರಲ್ಲ, ಗಾಜಿನ ಬಾಟಲಿಯ ಹಸಿರು. ಆ ಹಸಿರು ಮೇಲೆ ಬರುತ್ತ ಬರುತ್ತ ತಿಳಿಯಾಯಿತು, ನೀರು ಸೀಳಿ ಹೊರಬಂದಾಗ ಅಪ್ಪಟ ಬಿಳಿ. ತಲೆಯಿಂದ ಬಾಲದವರೆಗೆ, ಸುಲಿದ ಮೊಟ್ಟೆಯಷ್ಟು ಬಿಳಿ.

ಅತ್ತೆಯ ಹೆಬ್ಬೆರಳು ಮೈಕಿನ ಗುಂಡಿಯ ಮೇಲಿತ್ತು. ಒತ್ತಿದರೆ ಏನಾಗುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಬಾಯಿ ಮುಚ್ಚಿಕೊಂಡಿದ್ದರೆ ಮೈಕ್ ಉಳಿಯುತ್ತಿತ್ತು, ಹೇಳಿದರೆ ಕೈತಪ್ಪುತ್ತಿತ್ತು. ಆದರೆ ಕಣ್ಣೆದುರು ಅಂಥದ್ದು ಎದ್ದು ನಿಂತಿರುವಾಗ ಸುಮ್ಮನಿರಲು ಅವಳೇನು ಬಂಡೆಯೇ? ಒತ್ತಿದಳು.

"ಎಡಗಡೆ ನೋಡಿ, ಎಡಗಡೆ. ತಿಮಿಂಗಿಲ. ಬಿಳೀದು. ನನ್ನಾಣೆಗೂ ಬಿಳೀದು."

ಇಡೀ ಲಾಂಚು ಗೊಳ್ಳೆಂದು ನಕ್ಕಿತು. ಮೈಕಮ್ಮ ಹುಷಾರಾದರು ಎನ್ನುವ ಖುಷಿಗೆ ಜನ ಚಪ್ಪಾಳೆ ತಟ್ಟಿದರು. ಮಾತ್ರೆ ಕೊಟ್ಟಿದ್ದ ನರ್ಸಮ್ಮ ಹೆಮ್ಮೆಯಿಂದ ಸುತ್ತ ನೋಡಿದರು. ಎಡಗಡೆಗೆ ಮಾತ್ರ ಒಬ್ಬರೂ ನೋಡಲಿಲ್ಲ. ನಾನು ಟೀ ಕೆಟಲ್ ಕೆಳಗಿಟ್ಟು, ಕಾಲುಗಳನ್ನು ದಾಟಿ, ಬಾಗಿಲಿಗೆ ಓಡಿ ಬರುವಷ್ಟರಲ್ಲಿ ಅಲ್ಲಿ ಇದ್ದದ್ದು ಇಸ್ತ್ರಿ ಮಾಡಿದ ಹಾಗೆ ನುಣುಪಾದ ನೀರಿನ ಒಂದು ತುಂಡು. ನಾನು ಅತ್ತೆಯನ್ನು ನಂಬಿದೆ. ಆದರೆ ನನ್ನ ಸಾಕ್ಷಿಗೆ ಏನು ಬೆಲೆ, ನಾನೂ ಅದೇ ವಂಶದವಳು.

ಇನ್ನೊಬ್ಬರು ನೋಡಿದ್ದರು, ಡ್ರೈವರಣ್ಣ. ಇದು ನಮಗೆ ಆಗ ಗೊತ್ತಿರಲಿಲ್ಲ. ಡ್ರೈವರಣ್ಣ ಮಾತಿನ ವಿಷಯದಲ್ಲಿ ಮಹಾ ಜಿಪುಣ. ಮನೆಗೆ ಬಂದ ನೆಂಟರಿಗೆ ಬನ್ನಿ ಎಂದರೆ, ಹೋಗುವಾಗ ಹೋಗಿಬನ್ನಿ ಎನ್ನುವುದನ್ನು ಉಳಿಸಿಕೊಳ್ಳುವವರು. ಅವರು ನಿಯಮದ ಪ್ರಕಾರ ವಾಕಿಟಾಕಿ ಎತ್ತಿ ದಡದ ಕಚೇರಿಗೆ ತಿಳಿಸಿದರು: "ದೊಡ್ಡ ಬಿಳಿ. ಲಾಂಚಷ್ಟಿದೆ."

ನಮ್ಮ ವಾಕಿಟಾಕಿಯಲ್ಲಿ ಮಾತಿಗಿಂತ ಗೊರಗೊರ ಜಾಸ್ತಿ. ಕಚೇರಿಯ ಗುಮಾಸ್ತರಿಗೆ ಕೇಳಿಸಿದ್ದು, "ದೊಡ್ಡ ಇಲಿ. ಲಾಂಚಲ್ಲಿದೆ."

"ಇಲೀನಾ?" ಎಂದು ಗುಮಾಸ್ತರು ಕೇಳಿದರು. ಡ್ರೈವರಣ್ಣನಿಗೆ ಅದು "ಬಿಳೀನಾ?" ಎಂದು ಕೇಳಿಸಿತು. ಹೌದು ಎಂದು ಇಟ್ಟುಬಿಟ್ಟರು.

ಮ್ಯಾನೇಜರಿಗೆ ಒಂದೇ ಮಧ್ಯಾಹ್ನ ಎರಡು ಸುದ್ದಿ ಮುಟ್ಟಿದವು. ಲಾಂಚಿನಲ್ಲಿ ಇಲಿ ಇದೆ ಎನ್ನುವುದು ಒಂದು. ಇನ್ನೊಂದನ್ನು ಹೇಳಿದ್ದು ಒಬ್ಬ ಕಾಯಂ ಪ್ರಯಾಣಿಕ, ಅದೂ ಹೊಗಳಲೆಂದೇ ಕಚೇರಿಯ ಬಾಗಿಲಿಗೆ ಹೋಗಿ. ನಿಮ್ಮ ಮೈಕಮ್ಮ ಮತ್ತೆ ಫಾರ್ಮ್‌ಗೆ ಬಂದಿದ್ದಾರೆ ಸಾರ್, ಇವತ್ತು ಬಿಳಿ ತಿಮಿಂಗಿಲ ಬಿಟ್ಟರು, ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆವು. ಅವನ ಬಾಯಿಗೆ ನನ್ನ ಟೀ ಕೆಟಲ್ ತುರುಕಬೇಕಿತ್ತು.

ಈ ಎರಡು ಸುದ್ದಿಗಳಿಗೆ ಒಂದಕ್ಕೊಂದು ಸಂಬಂಧವಿರಬಹುದೆಂದು ಯಾರಿಗೆ ತಾನೇ ಹೊಳೆಯಬೇಕು? ಮ್ಯಾನೇಜರ್ ಡ್ರೈವರಣ್ಣನನ್ನು ಕರೆಸಿ, ನೀವೇ ನೋಡಿದಿರಾ ಎಂದು ಕೇಳಿದರು. ನೋಡಿದೆ ಎಂದರು. ಎಲ್ಲಿ ಎಂದದ್ದಕ್ಕೆ ಎಡಗಡೆ ಎಂದರು. ಯಾರ ಹತ್ತಿರವೂ ಬಾಯಿ ಬಿಡಬೇಡಿ, ಸುದ್ದಿಯಾದರೆ ಲಾಂಚು ಹತ್ತುವವರಿರುವುದಿಲ್ಲ, ನಾಳೆ ಹಿಡಿಯುವವನನ್ನು ಕರೆದುಕೊಂಡು ನಾನೇ ಬರುತ್ತೇನೆ ಎಂದರು ಮ್ಯಾನೇಜರ್. ಅಷ್ಟು ದೊಡ್ಡದನ್ನು ಒಬ್ಬನೇ ಹೇಗೆ ಹಿಡಿಯುತ್ತಾನೋ ಎಂದು ಡ್ರೈವರಣ್ಣನಿಗೆ ಅನ್ನಿಸಿತಂತೆ. ಆದರೆ ಕೇಳಲು ಮಾತು ಖರ್ಚಾಗುತ್ತದಲ್ಲ, ಸುಮ್ಮನೆ ಬಂದರು.

ಮರುದಿನ ಮ್ಯಾನೇಜರ್ ಬಂದರು. ಒಂದು ಕಂಕುಳಲ್ಲಿ ರೆಕಾರ್ಡಿಂಗ್ ಡಬ್ಬ, ಹಿಂದೆ ಇಲಿ ಹಿಡಿಯುವವನು. ಅವನ ಎರಡೂ ಕೈಯಲ್ಲಿ ತಂತಿಯ ಬೋನುಗಳು, ಜೇಬಿನಲ್ಲಿ ಬ್ರೆಡ್ಡು, ಬಾಯಲ್ಲಿ ಟಾರ್ಚು. ಅತ್ತೆಗೆ ಮ್ಯಾನೇಜರ್ ಹೇಳಿದ್ದು ಇಷ್ಟೇ: ಆ ದಡ ಮುಟ್ಟುತ್ತಿದ್ದಂತೆ ಮೈಕ್ ಬಿಚ್ಚಿಕೊಡಬೇಕು, ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನಬಾರದು. ತಾನು ನೋಡಿದ್ದು ನಿಜ ಎಂದು ಅತ್ತೆ ಹೇಳಹೊರಟಳು. ಹಲ್ಲಿನ ಡಾಕ್ಟರರ ಮೂರು ಅಕ್ಕತಂಗಿಯರೂ ನಿಜವೇ ಎಂದು ಮ್ಯಾನೇಜರ್ ಕೇಳಿದರು. ಅತ್ತೆ ಎಡಗಡೆ ಬಾಗಿಲಿಗೆ ಹೋಗಿ ಮೈಕನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದು ನಿಂತಳು. ನಾನು ಕೊಟ್ಟ ಟೀಯನ್ನು ಬೇಡವೆಂದಳು. ಅತ್ತೆ ಟೀ ಬೇಡವೆಂದರೆ ಪರಿಸ್ಥಿತಿ ಕೈಮೀರಿದೆ ಎಂದೇ ಅರ್ಥ.

ಇಲಿ ಹಿಡಿಯುವವನು ಎಡಗಡೆಯ ಬೆಂಚುಗಳ ಕೆಳಗೆ ಬೋರಲು ಮಲಗಿ ತೆವಳತೊಡಗಿದ. ಬೋನಿಡಲು ಜಾಗ ಹುಡುಕುತ್ತ, ಕಾಲೆತ್ತಿ ಅಮ್ಮಾ, ಚಪ್ಪಲಿ ಸರಿಸಿ ಸಾರ್ ಎನ್ನುತ್ತ, ಲಾಂಚಿನ ಅಂಚಿಗೆ ಬಂದ. ಅಲ್ಲಿ ತೊಳೆದ ನೀರು ಹೊರಗೆ ಹೋಗಲೆಂದು ಅಂಗೈಯಗಲದ ಕಿಂಡಿ ಇದೆ. ಇಲಿ ಬರುವ ದಾರಿ ಇದೇ ಇರಬೇಕೆಂದು ಟಾರ್ಚು ಹಿಡಿದು ಕಿಂಡಿಗೆ ಕಣ್ಣಿಟ್ಟ. ಇಟ್ಟವನು ಅಲ್ಲಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬೆಂಚಿನ ಕೆಳಗಿನಿಂದಲೇ, ತುಂಬ ವಿನಯವಾಗಿ, ಅವನ ದನಿ ಬಂತು.

"ಸಾರ್, ಇದು ನನ್ನ ಬೋನಿಗೆ ಹಿಡಿಯಲ್ಲ."

ಅಷ್ಟು ದಪ್ಪ ಇದೆಯಾ ಎಂದು ಮ್ಯಾನೇಜರ್ ಗದರುತ್ತ ಎದ್ದು ಬಾಗಿಲಿಗೆ ಬಂದರು. ಬಂದವರ ಕಂಕುಳಿಂದ ಡಬ್ಬ ಜಾರಿ ಬಿತ್ತು. ನಾನೂ ಓಡಿದೆ, ಈ ಸಲ ಕೆಟಲ್ ಸಮೇತ. ಲಾಂಚಿನ ಪಕ್ಕಕ್ಕೇ, ಕೈಚಾಚಿದರೆ ಸಿಗುವಷ್ಟು ಹತ್ತಿರ, ನೀರಿನೊಳಗೆ ಒಂದು ಹಸಿರು ಬೆಳಕು ತಿರುಗುತ್ತ ಮೇಲೆ ಬಂತು, ಬೆಳ್ಳಗಾಯಿತು, ಉಸ್ಸೆಂದು ಉಸಿರು ಬಿಟ್ಟಿತು. ಆ ಉಸಿರು ನಮ್ಮೆಲ್ಲರ ಮೇಲೆ ಬಿತ್ತು. ಮೀನಿನ ನಾತ, ಅಬ್ಬಾ, ಮೂಗು ಬಿಡಲಾಗದ ನಾತ, ಆದರೂ ನಾವೆಲ್ಲ ಬಾಯಿ ತೆರೆದು ನಗುತ್ತಿದ್ದೆವು. ಯಾರೋ ಅಪರಿಚಿತ ಹೆಂಗಸು ನನ್ನನ್ನು ಅಪ್ಪಿಕೊಂಡಿದ್ದಳು. ನಾನು ಅವಳ ಕೋಟಿನ ಮೇಲೆ ಟೀ ಸುರಿಯುತ್ತಿದ್ದೆ, ಇಬ್ಬರಿಗೂ ಅದರ ಪರಿವೆಯಿರಲಿಲ್ಲ. ಇಲಿ ಹಿಡಿಯುವವನು ಬೋನನ್ನು ತಲೆಯ ಮೇಲೆತ್ತಿ ಕುಣಿದೇಬಿಟ್ಟ.

ಡ್ರೈವರಣ್ಣ ಎಂಜಿನ್ ನಿಲ್ಲಿಸಿ ಕ್ಯಾಬಿನ್‌ನಿಂದ ಇಣುಕಿದರು. "ಅದೇ. ನಿನ್ನೆ ಹೇಳಿದ್ದು," ಎಂದರು.

"ಇದನ್ನಾ ನೀವು ಇಲಿ ಅಂದಿದ್ದು?" ಎಂದರು ಮ್ಯಾನೇಜರ್, ದನಿ ಕೀರಲಾಗಿತ್ತು.

"ಬಿಳಿ ಅಂದೆ."

ಮ್ಯಾನೇಜರ್ ಅತ್ತೆಯ ಕಡೆ ತಿರುಗಿದರು. ಮಾತಾಡಿ ಮೇಡಂ, ಹಿಂದಿರುವವರಿಗೆ ಕಾಣುತ್ತಿಲ್ಲ, ಏನಾದರೂ ಹೇಳಿ ಎಂದು ಅಂಗಲಾಚಿದರು. ಅತ್ತೆ ಮೈಕನ್ನು ಬಾಯಿಯ ಹತ್ತಿರ ತಂದಳು. ಬಾಯಿ ತೆರೆಯಿತು, ಮಾತು ಹೊರಡಲಿಲ್ಲ. ಎಂಜಿನ್ ನಿಂತದ್ದೇಕೆಂದು ನೋಡಲು ಮಾವ ಕೈಯೊರೆಸಿಕೊಳ್ಳುತ್ತ ಕೆಳಗಿನಿಂದ ಹತ್ತಿ ಬಂದರು. ಅವರ ಕಣ್ಣಿಗೆ ಮೊದಲು ಬಿದ್ದದ್ದು ತಿಮಿಂಗಿಲವಲ್ಲ, ಕೈಯಲ್ಲಿ ಮೈಕಿದ್ದೂ ತುಟಿ ಅಲ್ಲಾಡಿಸದೆ ನಿಂತ ಹೆಂಡತಿ. ಮಾವನ ಮುಖ ಬಿಳುಚಿಕೊಂಡಿತು. ಓಡಿಬಂದು ಅವಳ ಭುಜ ಹಿಡಿದು, "ಏನಾಯ್ತೇ ನಿಂಗೆ?" ಎಂದರು. ಅತ್ತೆ ಅವರ ಗಲ್ಲ ಹಿಡಿದು ಮುಖವನ್ನು ನೀರಿನ ಕಡೆ ತಿರುಗಿಸಿದಳು. ಮಾವ ನೋಡಿದರು. ಅತ್ತೆ ಇದುವರೆಗೆ ಹೇಳಿದ ಅಷ್ಟೂ ಮಾತಿಗೆ ಸೇರಿಸಿಯೇನೋ ಎನ್ನುವಂತೆ, ಉದ್ದಕ್ಕೆ, "ಹೂಂ" ಎಂದರು. ಅಲ್ಲಿಗೆ ಅತ್ತೆಯ ಕಟ್ಟೆಯೊಡೆಯಿತು. ನಕ್ಕಳು, ಅತ್ತಳು, ಮೈಕಿನಲ್ಲಿ ಮೂಗನ್ನೂ ಎಳೆದುಕೊಂಡಳು. ಆಮೇಲೆ, "ಎಡಗಡೆ. ಬಿಳಿ ತಿಮಿಂಗಿಲ," ಎಂದಳು. ಅಷ್ಟೇ ಹೇಳಿದ್ದು.

ಅವತ್ತು ಆ ದಡ ಮುಟ್ಟಿದಾಗ ಮೈಕ್ ಬಿಚ್ಚಿಕೊಡುವ ಮಾತನ್ನು ಯಾರೂ ಎತ್ತಲಿಲ್ಲ. ಮ್ಯಾನೇಜರ್ ಡಬ್ಬವನ್ನೇ ಮರೆತು ಇಳಿದುಹೋದರು. ಊರಿಗೆ ಮರಳುವಷ್ಟರಲ್ಲಿ ಅವರ ಬಾಯಲ್ಲಿ ತಿಮಿಂಗಿಲಗಳು ಎರಡಾಗಿದ್ದವು, ಸಂಜೆಗೆ ಮರಿಯನ್ನೂ ಹಾಕಿದ್ದವು. ಅತ್ತೆ ಕಚೇರಿಗೆ ಹೋಗಿ, ಒಂದೇ ಇತ್ತು ಸಾರ್, ಲಾಂಚಿಗಿಂತ ಸ್ವಲ್ಪ ಗಿಡ್ಡವೇ ಇತ್ತು ಎಂದು ತಿದ್ದಿಬಂದಳು. ಯಾರಾದರೂ ಆ ತಿಮಿಂಗಿಲದ ವಿಷಯದಲ್ಲಿ ಉಪ್ಪುಖಾರ ಸೇರಿಸಿದರೆ ಅವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಹಲ್ಲಿನ ಡಾಕ್ಟರರ ಮನೆಗೂ ತಾನಾಗಿ ಹೋಗಿ, ಆ ಹುಡುಗಿಯ ತಾಯಿಯನ್ನು ಹುಡುಕಿ, ಮೂರು ಅಕ್ಕತಂಗಿಯರು ತಾನೇ ಕಟ್ಟಿದ ಕಥೆ ಎಂದು ಒಪ್ಪಿಕೊಂಡಳು. ಬಿಳಿ ತಿಮಿಂಗಿಲ ನೋಡಿದ ಹೆಂಗಸು ಸುಳ್ಳು ಹೇಳಲಾರಳು ಎಂದು ಅವರು ನಂಬಿದರಂತೆ. ಜನರ ತರ್ಕ ನೋಡಿ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸುದ್ದಿ ಹಬ್ಬಿ ಜನ ದೂರದೂರದಿಂದ ಬರತೊಡಗಿದರು. ತಿಮಿಂಗಿಲ ಮಾತ್ರ ಮತ್ತೆ ಬರಲಿಲ್ಲ. ಒಂದು ದಿನ ಲಾಂಚು ತುಂಬಿ ತುಳುಕುತ್ತಿತ್ತು. ದುರ್ಬೀನು ಹಿಡಿದ ಗಂಡಸರು, ಹೆಗಲ ಮೇಲೆ ಮಕ್ಕಳು, ನನ್ನ ಟೀಯೆಲ್ಲ ಖಾಲಿ. ಅರ್ಧ ದಾರಿ ಕಳೆದರೂ ನೀರು ಬರೀ ನೀರಾಗಿಯೇ ಇತ್ತು. ಮ್ಯಾನೇಜರ್ ಬೆವರೊರೆಸಿಕೊಳ್ಳುತ್ತ ಅತ್ತೆಯ ಪಕ್ಕ ಬಂದು ನಿಂತರು.

"ಮೇಡಂ, ಪಾಪ, ಅಷ್ಟು ದೂರದಿಂದ ಬಂದಿದ್ದಾರೆ. ಸ್ವಲ್ಪ ಬಣ್ಣ ಹಚ್ಚಿ ಹೇಳಿ."

"ಅದಕ್ಕೆ ಬಣ್ಣಾನೇ ಇಲ್ಲ ಸಾರ್. ನಾನೆಲ್ಲಿಂದ ತಂದು ಹಚ್ಚಲಿ?" ಎಂದಳು ಅತ್ತೆ. ಆಮೇಲೆ ಮೈಕನ್ನು ಅವರ ಮುಂದೆ ಹಿಡಿದಳು. "ಬೇಕಾದ್ರೆ ಇದನ್ನ ತಗೊಳ್ಳಿ."

ನನ್ನ ಜೀವ ಬಾಯಿಗೆ ಬಂತು. ಅವಳ ಕೈ ಮುಂದೆ ಚಾಚಿದ್ದು ಚಾಚಿದ ಹಾಗೇ ಇತ್ತು. ಮ್ಯಾನೇಜರ್ ಮೈಕ್ ನೋಡಿದರು, ಅವಳ ಮುಖ ನೋಡಿದರು, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡರು. ಅಷ್ಟರಲ್ಲಿ ಮುಂದಿನ ಬೆಂಚಿನಲ್ಲಿದ್ದ ಒಬ್ಬ ಮುದುಕಿ ತಲೆಯೆತ್ತಿ, "ಏನಮ್ಮಾ, ನಿಜವಾಗ್ಲೂ ನೋಡಿದ್ಯಾ?" ಎಂದು ಕೇಳಿದರು. ಮೈಕಿನ ಗುಂಡಿ ಒತ್ತಿಯೇ ಇತ್ತು, ಪ್ರಶ್ನೆ ಎಲ್ಲರಿಗೂ ಕೇಳಿಸಿತು.

"ನೋಡ್ದೆ," ಎಂದಳು ಅತ್ತೆ. "ಅಲ್ಲಿ."

ಅವಳು ತೋರಿಸಿದ ಕಡೆ ಏನೂ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಎದ್ದು ಎಡಗಡೆ ಕಟಾಂಜನಕ್ಕೆ ಹೋಗಿ ನಿಂತರು, ಮಕ್ಕಳನ್ನು ಎತ್ತಿ ಹಿಡಿದರು, ಆ ಖಾಲಿ ನೀರನ್ನೇ ನೋಡುತ್ತ, ದಡ ಬರುವವರೆಗೂ ಹಾಗೇ ನಿಂತಿದ್ದರು.